ಬೇರೆಯವರಿಗೆ ಕೊಟ್ಟ ಹಾಡನ್ನ ತಾನೇ ಹಾಡಿದ್ರೆ: ಮರಿಯಾ ತಕೆಉಚಿ ‘ರಿಕ್ವೆಸ್ಟ್’ ಸಿಡಿ ಬಗ್ಗೆ

ಮೊದ್ಲೇ ಹೇಳ್ಬಿಡ್ತೀನಿ, ಜಪಾನಿನ ಹಾಡುಗಾರ್ತಿ ಮರಿಯಾ ತಕೆಉಚಿ ಅವ್ರ ‘ಪ್ಲಾಸ್ಟಿಕ್ ಲವ್’ ಕೇಳಿ ಹುಚ್ಚು ಹಿಡಿದು ಅದೇ ಥರದ್ದು ಇನ್ನೊಂದು ಸಿಗುತ್ತಾ ಅಂತ ಹುಡುಕ್ತಾ ಇರೋರಿಗೆ ಈ ಆಲ್ಬಮ್ ಅಲ್ಲ. ಅದು 1984ರ ‘ವೆರೈಟಿ’ ಆಲ್ಬಮ್‌ದು, 2017ರಲ್ಲಿ ಯಾರೋ ಯೂಟ್ಯೂಬಿಗೆ ಹಾಕಿ ಪ್ರಪಂಚಾನೇ ಕೇಳ್ತು, ನಮ್ಮ ಹುಡುಗರ ಇನ್‌ಸ್ಟಾ ರೀಲ್ಸಲ್ಲೂ ಬಂತು, ಅದೆಲ್ಲಾ ಸರಿ. ‘ರಿಕ್ವೆಸ್ಟ್’ ಅದಾದ್ಮೇಲೆ ಬಂದಿದ್ದು, 1987ರ ಆಗಸ್ಟಲ್ಲಿ. ಕುಣಿಯೋ ಬೇಸ್ ಗಿಟಾರ್ ಇಲ್ಲಿ ಅಷ್ಟಾಗಿ ಇಲ್ಲ, ಇದು ಕೂತ್ಕೊಂಡು ಕೇಳೋ ಆಲ್ಬಮ್ಮು. ಹತ್ತು ಹಾಡು, ಬರೆದಿರೋದು ಮರಿಯಾ, ಪ್ರೊಡ್ಯೂಸ್ ಮಾಡಿರೋದು ಗಂಡ ತತ್ಸುರೊ ಯಮಶಿತಾ. ವಿಷ್ಯ ಏನಪ್ಪಾ ಅಂದ್ರೆ ಇದ್ರಲ್ಲಿ ಅರ್ಧದಷ್ಟು ಹಾಡು ಮೊದ್ಲು ಬೇರೆ ಹುಡುಗಿಯರಿಗೆ ಅಂತ ಬರೆದುಕೊಟ್ಟಿದ್ದು, ಅವರು ಹಾಡಿ ಹೆಸರು ಮಾಡಿ ಎಲ್ಲಾ ಆದ್ಮೇಲೆ ಇವ್ರು ಅದನ್ನೇ ಎತ್ಕೊಂಡು ತಮ್ಮ ಗಂಟಲಲ್ಲಿ ಹಾಡಿದಾರೆ. ಜಪಾನಲ್ಲಿ ಇದಕ್ಕೆ ‘ಸೆಲ್ಫ್ ಕವರ್’ ಅಂತಾರೆ, ಅಲ್ಲಿ ಇದು ಮಾಮೂಲಿ.

ನಮ್ಮಲ್ಲಿ ಇದು ಸಿನಿಮಾ ಹಾಡಲ್ಲಿ ಹೆಚ್ಚೂ ಕಮ್ಮಿ ಇಲ್ವೇ ಇಲ್ಲ. ಹಂಸಲೇಖ ಬರೆದು ಟ್ಯೂನ್ ಹಾಕಿದ್ದನ್ನ ಎಸ್‌ಪಿಬಿ, ಜಾನಕಿ, ಚಿತ್ರಾ ಹಾಡಿದ್ರು, ಅಲ್ಲಿಗೆ ಮುಗೀತು, ಹಂಸಲೇಖ ಅವ್ರೇ ಹತ್ತು ಹಾಡು ಆರಿಸ್ಕೊಂಡು ‘ಇದು ನನ್ ತಲೇಲಿ ಹಿಂಗಿತ್ತು ಕಣ್ರಪ್ಪಾ’ ಅಂತ ಒಂದು ಆಲ್ಬಮ್ ಮಾಡಿದ್ರೆ ಹೆಂಗಿರುತ್ತೆ ಅಂತ ನಂಗೆ ಭಾಳ ಸಲ ಅನ್ಸಿದೆ. ಸುಗಮ ಸಂಗೀತದಲ್ಲಿ ಪರ್ವಾಗಿಲ್ಲ, ಮೈಸೂರು ಅನಂತಸ್ವಾಮಿ, ಅಶ್ವಥ್ ಎಲ್ಲಾ ತಾವು ಟ್ಯೂನ್ ಹಾಕಿದ್ದನ್ನ ತಾವೇ ಹಾಡಿದಾರೆ, ಬೇರೆಯವರ ಕೈಲೂ ಹಾಡಿಸಿದಾರೆ, ಅಶ್ವಥ್ ಹಾಡಿದ್ದಕ್ಕೂ ಅದನ್ನೇ ರತ್ನಮಾಲಾ ಪ್ರಕಾಶ್ ಹಾಡಿದ್ದಕ್ಕೂ ಏನ್ ಫರಕ್ಕು ಅಂತ ಕೇಳಿದೋರಿಗೆ ಗೊತ್ತೇ ಇರುತ್ತೆ. ಅದೂ ಅಲ್ದೆ ನಾವು ಕೋಲಾರದೋರು, ಮನೇಲಿ ತೆಲುಗು, ಬೀದೀಲಿ ಕನ್ನಡ, ಕೆಜಿಎಫ್ ಕಡೆ ಹೋದ್ರೆ ತಮಿಳು, ಒಂದೇ ಟ್ಯೂನನ್ನ ಮೂರು ಭಾಷೇಲಿ ಕೇಳ್ಕೊಂಡು ಬೆಳೆದು ‘ಒರಿಜಿನಲ್ ನಮ್ದು’ ಅಂತ ಡೂಂಲೈಟ್ ಸರ್ಕಲಲ್ಲಿ ಟೀ ಕುಡೀತಾ ಕಿತ್ತಾಡಿರೋ ಜನ. ಹಂಗಾಗಿ ಒಂದೇ ಹಾಡು ಇಬ್ರು ಬಾಯಲ್ಲಿ ಏನೇನಾಗುತ್ತೆ ಅನ್ನೋ ಈ ಆಟ ನಂಗೆ ಬೇಗ ಹಿಡಿಸ್ತು.

ಸಿಡಿ ಸಿಕ್ಕಿದ್ದು ನರಸಾಪುರದ ಕಡೆ ಕಂಪನೀಲಿ ಕೆಲಸ ಮಾಡೋ ಫ್ರೆಂಡ್ ಮೂಲಕ. 2013ರಲ್ಲಿ ಹೋಂಡಾ ಸ್ಕೂಟರ್ ಪ್ಲಾಂಟ್ ಅಲ್ಲಿ ಶುರುವಾದ್ಮೇಲೆ ನಮ್ಮ ಕಡೆ ಹುಡುಗರು ಜಪಾನೀಸ್ ಕ್ಲಾಸಿಗೆ ಹೋಗೋದು, ಟ್ರೈನಿಂಗ್ ಅಂತ ಜಪಾನಿಗೆ ಹೋಗ್ಬರೋದು ಅಂಥಾ ದೊಡ್ಡ ಸುದ್ದಿಯೇನಲ್ಲ. ಇವನೂ ಹಂಗೇ ಭಾಷೆ ಕಲಿತವ್ನು, ಬುಕ್ಲೆಟ್ ಮುಂದೆ ಇಟ್ಕೊಂಡು ಒಂದೊಂದ್ ಲೈನ್ ಕಥೆ ಹೇಳಿದ್ದು ಅವನೇ. ಅದಿಲ್ದೆ ಇದ್ರೆ ಈ ಆಲ್ಬಮ್ ಅರ್ಧ ಅಷ್ಟೇ ದಕ್ಕೋದು, ಯಾಕಂದ್ರೆ ಇದ್ರಲ್ಲಿ ಪ್ರತೀ ಹಾಡೂ ಒಂದು ಸಣ್ಣ ಕಥೆ.

ಹಿನ್ನೆಲೆ ಸ್ವಲ್ಪ ತಿಳ್ಕೊಂಡ್ರೆ ಒಳ್ಳೇದು. ಮರಿಯಾ ಹುಟ್ಟಿದ್ದು 1955ರಲ್ಲಿ, ಶಿಮಾನೆ ಅನ್ನೋ ಕಡೆ, ಇಜುಮೋ ದೇವಸ್ಥಾನದ ಹತ್ರ, ಮನೆಯೋರದ್ದು ಹಳೇ ಕಾಲದ ವಸತಿಗೃಹ. ಹೈಸ್ಕೂಲಲ್ಲಿ ಎಕ್ಸ್‌ಚೇಂಜ್ ಸ್ಟೂಡೆಂಟ್ ಆಗಿ ಅಮೆರಿಕದ ಇಲಿನಾಯ್ಸಿಗೆ ಹೋಗಿದ್ರು, ಆಮೇಲೆ ಟೋಕಿಯೋದಲ್ಲಿ ಕೇಯೋ ಯೂನಿವರ್ಸಿಟಿ. 1978ರಲ್ಲಿ ಮೊದಲ ರೆಕಾರ್ಡ್. ಕಂಪನಿಯೋರು ಟೀವಿ ಶೋ ಅದು ಇದು ಅಂತ ಹೆಚ್ಚೂ ಕಮ್ಮಿ ಐಡಲ್ (ಕಂಪನಿಯೋರೇ ತಯಾರು ಮಾಡಿ ಮೆರೆಸೋ ಚಿಕ್ಕ ವಯಸ್ಸಿನ ಪಾಪ್ ಸ್ಟಾರು) ಥರಾನೇ ಓಡಾಡಿಸಿದ್ರು, ಗಂಟಲು ಹೋಯ್ತು, 1981ರಲ್ಲಿ ಸಾಕಪ್ಪಾ ಅಂತ ನಿಲ್ಲಿಸಿದ್ರು, 1982ರಲ್ಲಿ ಮದ್ವೆ. ಆಮೇಲೆ ಮನೇಲಿದ್ಕೊಂಡು ಬೇರೆಯವರಿಗೆ ಹಾಡು ಬರೆಯಕ್ಕೆ ಶುರು ಮಾಡಿದ್ರು. ಆ ಟೈಮಲ್ಲಿ ಜಪಾನಲ್ಲಿ ಐಡಲ್ ಹುಡುಗಿಯರದ್ದೇ ರಾಜ್ಯ, ಒಬ್ಬೊಬ್ಬರಿಗೂ ಮೂರು ತಿಂಗಳಿಗೊಂದು ಅಂತ ಸಿಂಗಲ್ ಬಿಡ್ಬೇಕು, ಅಷ್ಟು ಹಾಡು ಎಲ್ಲಿಂದ ತರ್ತೀರಿ, ಹಂಗಾಗಿ ಒಳ್ಳೇ ಬರಹಗಾರರಿಗೆ ಯಾವಾಗ್ಲೂ ಕೆಲಸ. ತಾನೇ ಆ ಗಾಣದಲ್ಲಿ ಸುತ್ತಿ ಹೊರಗೆ ಬಂದ ಹೆಂಗಸು ಈಗ ಆ ಗಾಣದೊಳಗೆ ಇರೋ ಹುಡುಗಿಯರಿಗೆ ಹಾಡು ಬರೀತಾ ಇದಾಳೆ, ಅದನ್ನ ಮನಸಲ್ಲಿ ಇಟ್ಕೊಂಡು ಈ ಹಾಡು ಕೇಳಿ.

ಈಗ ಹಾಡಿಗೆ ಬರೋಣ.

‘ಕೆಂಕಾ ಓ ಯಾಮೆತೆ’, ಅಂದ್ರೆ ಜಗಳ ನಿಲ್ಸಿ ಅಂತ. 1982ರಲ್ಲಿ ನವೊಕೊ ಕವಾಯ್ ಅನ್ನೋ ಹುಡುಗಿಗೆ ಬರೆದಿದ್ದು, ಆಗ ಆಕೆಗೆ 19. ಇಬ್ರು ಹುಡುಗರು ಇವಳಿಗೋಸ್ಕರ ಹೊಡೆದಾಡ್ತಾ ಇದಾರೆ, ಇವಳು ಅಯ್ಯೋ ನನ್ ಸಲುವಾಗಿ ಜಗಳ ಆಡ್ಬೇಡ್ರಪ್ಪಾ ಅಂತಾಳೆ, ಮಧ್ಯದಲ್ಲಿ ನಿಧಾನಕ್ಕೆ ಬಾಯಿ ಬಿಡ್ತಾಳೆ, ಇಬ್ಬರ ಜೊತೇಲೂ ಸ್ವಲ್ಪ ದೂರ ಇಟ್ಕೊಂಡು ಮ್ಯಾನೇಜ್ ಮಾಡ್ಬೋದು ಅಂತ ಅನ್ಕೊಂಡಿದ್ದೆ, ಇಬ್ಬರ ಮನಸ್ಸಿನ ಜೊತೆ ಆಟ ಆಡೋದ್ರಲ್ಲಿ ಸ್ವಲ್ಪ ಮಜಾನೂ ತಗೊಂಡೆ ಅಂತ. ನವೊಕೊ ಹಾಡಿದ್ರೆ ಅದು ಮುದ್ದು. ಕೇಳೋನಿಗೆ ಪಾಪ ಚಿಕ್ಕ ಹುಡುಗಿ, ಏನೋ ಮಾಡ್ಕೊಂಡಿದಾಳೆ ಬಿಡು ಅನ್ಸುತ್ತೆ. ಅದೇ ಮಾತನ್ನ 32 ವರ್ಷದ, ಮದ್ವೆಯಾಗಿ ಮಗು ಇರೋ ಹೆಂಗಸು ಕೆಳಗಿನ ಸ್ವರದಲ್ಲಿ, ಆತುರಾನೇ ಇಲ್ದೆ ಹೇಳಿದ್ರೆ? ಒಂದಕ್ಷರ ಬದಲಾಗಿಲ್ಲ, ಆದ್ರೆ ಇದು ಈಗ ನಡೀತಿರೋ ಜಗಳ ಅಲ್ಲ, ಎಷ್ಟೋ ವರ್ಷ ಹಿಂದೆ ಇಬ್ರು ಹುಡುಗರಿಗೆ ಮಾಡಿದ್ದನ್ನ ಇವತ್ತು ಲೆಕ್ಕ ಹಾಕ್ತಾ ಕೂತಿರೋಳ ಮಾತು. ‘ಮಜಾ ತಗೊಂಡೆ’ ಅನ್ನೋ ಜಾಗ ಬಂದಾಗ ಮರಿಯಾ ದನಿ ಎತ್ತೋದೇ ಇಲ್ಲ, ಪಕ್ಕದಲ್ಲಿ ಕೂತೋರಿಗೆ ಹೇಳೋ ಥರ ಹೇಳಿ ಮುಂದಕ್ಕೆ ಹೋಗ್ತಾರೆ. ಆ ಜಾಗಕ್ಕೇ ನಾನು ಇದನ್ನ ಮತ್ತೆ ಮತ್ತೆ ಹಾಕೋದು.

ನಂಗೆ ಈ ಆಲ್ಬಮ್ಮಿನ ಬಗ್ಗೆ ಹೇಳಕ್ಕಿರೋದೇ ಇಷ್ಟು, ಬರೆಯೋಳು ಚಿಕ್ಕ ಹುಡುಗಿ ಬಾಯಿಗೆ ಅಂತ ಬರೆದ ಮಾತಲ್ಲಿ ದೊಡ್ಡೋಳ ಮಾತು ಮೊದಲಿಂದಾನೇ ಅಡಗಿತ್ತು, ಆ ಹುಡುಗಿಯರಿಗೆ ಅದು ಕಾಣಿಸ್ಲಿಲ್ಲ, ಕಾಣಿಸ್ಬೇಕಾಗೂ ಇರ್ಲಿಲ್ಲ. ಮರಿಯಾ ದನಿ ಬಂಗಾರಪೇಟೆ ಪಾನಿಪುರಿ ನೀರಿದ್ದಂಗೆ, ಬಣ್ಣ ಇಲ್ಲ, ನೋಡಿದ್ರೆ ಬರೀ ನೀರು, ಖಾರ ಗೊತ್ತಾಗೋದು ಗಂಟಲಿಗೆ ಇಳಿದ್ಮೇಲೆ.

‘ಗೆಂಕಿ ಓ ದಾಶಿತೆ’ ಇನ್ನೊಂದು ಥರದ್ದು. 1984ರಲ್ಲಿ ಹಿರೊಕೊ ಯಕುಶಿಮಾರು ಅನ್ನೋ ನಟಿಗೆ ಬರೆದಿದ್ದು, ಆಕೆ ಸಿನಿಮಾ ಸ್ಟಾರು, ಹಾಡ್ತಾನೂ ಇದ್ಲು. ಲವ್ ಮುರಿದು ಬಿದ್ದಿರೋ ಗೆಳತಿಗೆ ಇನ್ನೊಬ್ಬ ಗೆಳತಿ ಸಮಾಧಾನ ಮಾಡೋ ಹಾಡು. ಇಂಥಾ ಹಾಡು ಬೇಕಾದಷ್ಟಿವೆ, ಆದ್ರೆ ಇದ್ರಲ್ಲಿ ಒಂದು ಲೈನ್ ಇದೆ, ಸ್ವಲ್ಪ ಸಣ್ಣ ಆಗಿದೀಯಲ್ಲಾ, ಆ ಮೈಗೆ ಒಪ್ಪೋ ಬಟ್ಟೆ ಒಂದು ಹುಡುಕಿ ಹಾಕ್ಕೊಂಡು ಪೇಟೆಗೆ ಹೋಗು, ಎಲ್ರೂ ತಿರುಗಿ ನೋಡ್ತಾರೆ ಅಂತ. ಇದನ್ನ ಗಂಡಸು ಕವಿ ಬರೆಯಕ್ಕಾಗಲ್ಲ ಕಣ್ರೀ. ಊಟ ಬಿಟ್ಟು ಸಣ್ಣ ಆಗಿರೋದನ್ನೂ ಒಂದು ಲಾಭದ ಲೆಕ್ಕಕ್ಕೆ ಹಾಕಿ ನಗಿಸೋದು ನಮ್ಮನೇಲಿ ಅಕ್ಕ ತಂಗಿಯರು ಮಾತಾಡ್ಕೊಳೋ ಧಾಟಿ. ಅವನೊಬ್ಬನೇನಾ ಗಂಡಸು ಅಂತಾನೂ ಕೇಳ್ತಾಳೆ ಇದ್ರಲ್ಲಿ, ಬೈಯೋದೂ ಅಲ್ಲ, ತಮಾಷೆನೂ ಅಲ್ಲ. ಯಕುಶಿಮಾರು ಹಾಡಿದ್ರೆ ಸ್ಕೂಲ್ ಗೆಳತಿ ಹೇಳ್ದಂಗಿರುತ್ತೆ, ಮರಿಯಾ ಹಾಡಿದ್ರೆ ಇದೆಲ್ಲಾ ಅನುಭವಿಸಿ ಬಂದೋಳು ಹೇಳ್ದಂಗಿರುತ್ತೆ. ಖುಷಿ ವಿಷ್ಯ ಏನಂದ್ರೆ ಈ ಆಲ್ಬಮ್ಮಲ್ಲಿ ಮರಿಯಾ ಹಾಡ್ತಿರೋವಾಗ ಹಿಂದೆ ಕೋರಸ್ಸಲ್ಲಿ ಆ ಯಕುಶಿಮಾರುನೇ ಇದಾರೆ. ಹಾಡು ವಾಪಸ್ ತಗೊಂಡಿದ್ದಕ್ಕೆ ಕೋಪ ಗೀಪ ಇಲ್ಲ, ಬಂದು ಜೊತೆಗೂಡಿ ಹಾಡಿ ಹೋಗಿದಾರೆ. ಹೆಡ್‌ಫೋನ್ ಹಾಕ್ಕೊಂಡು ಕೊನೇಲಿ ಬರೋ ಲಲಲಾ ಕೇಳಿ.

‘ಎಕಿ’ಗೆ ಒಂದು ಪ್ಯಾರಾ ಸಾಕಾಗಲ್ಲ.

ಎಕಿ ಅಂದ್ರೆ ಸ್ಟೇಷನ್ನು. ಸಾಯಂಕಾಲ, ರೈಲ್ವೆ ಸ್ಟೇಷನ್ನಲ್ಲಿ ಒಬ್ಬಳಿಗೆ ಎಲ್ಲೋ ನೋಡಿರೋ ರೇನ್‌ಕೋಟ್ ಒಂದು ಕಾಣುತ್ತೆ, ಹಳೇ ಪ್ರೇಮಿ. ಎರಡು ವರ್ಷ ಆಗಿದೆ, ಅವನ ನೋಟ ಬದಲಾಗಿದೆ, ಇವಳ ಕೂದಲು ಬದಲಾಗಿದೆ. ಇಬ್ರೂ ಈಗ ತಂತಮ್ಮನ್ನ ಕಾಯ್ತಿರೋರ ಹತ್ರ ವಾಪಸ್ ಹೋಗ್ತಿದಾರೆ. ಮಾತಾಡ್ಸಲ್ಲ ಇವಳು, ಪಕ್ಕದ ಬೋಗಿ ಹತ್ತಿ ಅಲ್ಲಿಂದ ಅವನು ತಲೆ ತಗ್ಗಿಸ್ಕೊಂಡಿರೋ ಮುಖಾನ ಒಂದು ಸೈಡಿಂದ ನೋಡ್ತಾ ಹೋಗ್ತಾಳೆ. ಇಳಿದು ಗೇಟ್ ದಾಟೋ ಹೊತ್ತಿಗೆ ಮಳೆ ನಿಲ್ತಾ ಬಂದಿರುತ್ತೆ, ಊರಲ್ಲಿ ಎಂದಿನಂಗೇ ಒಂದು ರಾತ್ರಿ ಶುರುವಾಗುತ್ತೆ. ಇಷ್ಟೇ ಕಥೆ. ಮಾರಿಕುಪ್ಪಂನಿಂದ ಬಂಗಾರಪೇಟೆ ಮೇಲೆ ಬೆಂಗಳೂರಿಗೆ ಹೋಗೋ ರೈಲಲ್ಲಿ ದಿನಾ ಓಡಾಡೋ ನಮ್ಮ ಜನಕ್ಕೆ ಈ ಸೀನು ಕಷ್ಟ, ಪಕ್ಕದ ಬೋಗಿ ಬಿಡಿ, ನಮ್ಮ ಬೋಗೀಲೇ ಪಕ್ಕದಲ್ಲಿ ನಿಂತೋನ ಮುಖ ಕಾಣಲ್ಲ, ಅವನ ಬ್ಯಾಗ್ ನಮ್ಮ ಮುಖದ ಮೇಲಿರುತ್ತೆ. ಆದ್ರೂ ವೈಟ್‌ಫೀಲ್ಡ್ ದಾಟಿ ಜನ ಇಳಿದು ಸ್ವಲ್ಪ ಗಾಳಿ ಆಡ್ತಿರೋ ಸಾಯಂಕಾಲದ ವಾಪಸ್ ಟ್ರಿಪ್ಪಲ್ಲಿ ಈ ಹಾಡು ಹಾಕ್ಕೊಂಡ್ರೆ ಎಲ್ರ ಮುಖಾನೂ ಯಾರದೋ ಹಳೇ ಪರಿಚಯದ ಮುಖ ಅನ್ಸಕ್ಕೆ ಶುರುವಾಗುತ್ತೆ, ಹುಷಾರು.

ಇದನ್ನ ಮೊದ್ಲು ಹಾಡಿದ್ದು ಅಕಿನಾ ನಕಮೊರಿ ಅನ್ನೋ ಐಡಲ್, 1986ರ ಡಿಸೆಂಬರಲ್ಲಿ ಬಂದ ‘ಕ್ರಿಮ್ಸನ್’ ಆಲ್ಬಮ್ಮಲ್ಲಿ, ಆಗ 21 ವರ್ಷ. ಅಕಿನಾ ಹಾಡಿರೋದು ಹೆಚ್ಚೂ ಕಮ್ಮಿ ಪಿಸುಮಾತು, ದನಿ ಗಂಟಲಿಂದ ಹೊರಗೇ ಬರಲ್ಲ, ಸೋತು ಹೋಗಿ ಕೂತಿರೋಳು. ಮರಿಯಾ ವರ್ಷನ್ನಲ್ಲಿ ಯಮಶಿತಾ ಅರೇಂಜ್‌ಮೆಂಟು, ಅದ್ರ ಮೇಲೆ ಕತ್ಸುಹಿಸಾ ಹತ್ತೊರಿ ಅವ್ರ ಸ್ಟ್ರಿಂಗ್ಸು, ಪಿಟೀಲುಗಳ ದೊಡ್ಡ ಅಲೆ, ಅದ್ರ ನಡುವೆ ಮರಿಯಾ ಬೆನ್ನು ನೇರ ಮಾಡ್ಕೊಂಡು ನಿಂತು ಪೂರ್ತಿ ಗಂಟಲಲ್ಲಿ ಹಾಡ್ತಾರೆ. ಇವಳು ಸೋತಿಲ್ಲ, ನೋವಿದೆ, ಆದ್ರೆ ನಾಳೆ ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗ್ತಾಳೆ ಅಂತ ಗ್ಯಾರಂಟಿ ಅನ್ಸುತ್ತೆ. ಎರಡೂ ಕೇಳಿದ್ಮೇಲೆ ಯಾವ್ದು ಸರಿ ಅಂತ ಜಪಾನಲ್ಲಿ ಇವತ್ತಿಗೂ ಜಗಳ ಇದೆ. ಯಮಶಿತಾ ಬೇರೆ ಆಮೇಲೆ 1994ರಲ್ಲಿ ಹೆಂಡ್ತಿ ಬೆಸ್ಟ್ ಹಾಡುಗಳ ಆಲ್ಬಮ್ ‘ಇಂಪ್ರೆಷನ್ಸ್’ ಬಂದಾಗ ಅದ್ರ ಬುಕ್ಲೆಟ್ಟಲ್ಲಿ ಹೆಸರೆತ್ತದೆ, ಮೊದ್ಲು ಹಾಡಿದೋರು ಹಾಡನ್ನ ಅರ್ಥ ಮಾಡ್ಕೊಂಡ ರೀತಿ ಹಿಡಿಸ್ಲಿಲ್ಲ ಅನ್ನೋ ಅರ್ಥದಲ್ಲಿ ಬರೆದು ಬೆಂಕಿಗೆ ತುಪ್ಪ ಹಾಕಿದ್ರು. ನಂಗೆ ಯಮಶಿತಾ ಮ್ಯೂಸಿಕ್ ಅಂದ್ರೆ ಪ್ರಾಣ, ಆದ್ರೆ ಇಲ್ಲಿ ಅವ್ರ ಕಡೆ ನಿಲ್ಲಕ್ಕಾಗಲ್ಲ. ಹಾಡು ಬರೆದೋಳೇ ಬಂದು ಹಾಡಿದ್ರೂ ಅಕಿನಾದು ತಪ್ಪು ಅಂತ ಆಗಲ್ಲ ರೀ. 21ನೇ ವಯಸ್ಸಲ್ಲಿ ಬಿಟ್ಟು ಹೋದ ಹುಡುಗನ್ನ ಸ್ಟೇಷನ್ನಲ್ಲಿ ಕಂಡ್ರೆ ಯಾರ ಬಾಯಿಂದ ಪೂರ್ತಿ ದನಿ ಬರುತ್ತೆ? ಪಿಸುಗುಟ್ಟೋದೇ ಸರಿ. ಆ ಹುಡುಗಿಗೆ ಹತ್ತು ವರ್ಷ ಜಾಸ್ತಿ ಆದ್ಮೇಲೆ ಮರಿಯಾ ಥರ ಹಾಡ್ತಾಳೆ ಅಂತ ನಾನು ಅನ್ಕೊಂಡಿದೀನಿ, ಎರಡೂ ಒಂದೇ ಹೆಂಗಸಿನ ಎರಡು ಸಾಯಂಕಾಲ. ನಮ್ಮ ಫ್ರೆಂಡು ಮಾತ್ರ ಅಕಿನಾ ಪಾರ್ಟಿ, ಪಿಟೀಲು ಜಾಸ್ತಿ ಆಯ್ತು, ಸೀರಿಯಲ್ ಕ್ಲೈಮ್ಯಾಕ್ಸ್ ಥರ ಐತೆ ಅಂತಾನೆ. ಆ ಮಾತು ಪೂರ್ತಿ ಸುಳ್ಳೂ ಅಲ್ಲ.

‘ಓ ನೋ, ಓ ಯೆಸ್’ ಕೂಡ ಅಕಿನಾದೇ, ಅದೇ ಆಲ್ಬಮ್ಮಿಂದು. ಮದ್ವೆಯಾಗಿರೋನ ಜೊತೆ ಸಂಬಂಧ ಇಟ್ಕೊಂಡೋಳ ಹಾಡು. ಇದ್ರಲ್ಲಿ ನಾನು ಪೂರ್ತಿ ಅಕಿನಾ ಕಡೆ, ಮರಿಯಾ ಹಾಡಿದ್ರೆ ಈ ಹಾಡಿಗೆ ಬೇಕಾದ ಅಪಾಯ ಸಿಗಲ್ಲ, ತುಂಬಾ ಮರ್ಯಾದಸ್ಥರು ಹಾಡ್ದಂಗಿದೆ.

‘ಇರೊ ವೈಟ್ ಬ್ಲೆಂಡ್’ 1986ರಲ್ಲಿ ಮಿಹೊ ನಕಯಾಮಾ ಅನ್ನೋ ಐಡಲ್‌ಗೆ ಬರೆದಿದ್ದು, ಶಿಸೇಯ್ದೊ ಮೇಕಪ್ ಕಂಪನಿಯ ಬೇಸಿಗೆ ಮುಂಚಿನ ವಸಂತದ ಜಾಹೀರಾತಿಗೆ ಅಂತ. ಮೇಕಪ್ ಸಾಮಾನು ಮಾರಕ್ಕೆ ಬರೆದ ಹಾಡು ಇಷ್ಟು ಚೆನ್ನಾಗಿರ್ಬಾರ್ದು. ಬೆಳಗ್ಗೆ ಗಾಡಿ ಓಡಿಸ್ಕೊಂಡು ಅಂತರಗಂಗೆ ಕಡೆ ಹೋಗೋವಾಗ ಹಾಕ್ಕೊಳೋಕೆ ಸರಿಯಾಗಿದೆ, ಜಾಸ್ತಿ ಹೇಳಕ್ಕೇನಿಲ್ಲ.

ಉಳಿದಿದ್ದು ಬೇರೆಯವರಿಗೆ ಕೊಟ್ಟ ಹಾಡಲ್ಲ. ‘ಕೊಯ್ ನೊ ಅರಾಶಿ’ ತಾನೇ ಸಿಂಗಲ್ ಅಂತ ಬಿಟ್ಟಿದ್ದು, ಆಲ್ಬಮ್ ಶುರುವಾಗೋದೇ ಇದ್ರಿಂದ, ಚೆನ್ನಾಗಿ ಎತ್ಕೊಂಡು ಹೋಗುತ್ತೆ. ಕೊನೇದು ‘ತೊಕಿ ನೊ ತಬಿಬಿತೊ’, 1986ರ ಒಂದು ಆನಿಮೆ ಸಿನಿಮಾಗೆ ಮಾಡಿದ್ದು, ಕಾಲದಲ್ಲಿ ಹಿಂದೆ ಮುಂದೆ ಓಡಾಡೋ ಕಥೆ ಅದು, ಹಾಡೂ ಹಂಗೇ ದೊಡ್ಡದಾಗಿ ಹರಡ್ಕೊಂಡಿದೆ, ನಂಗಿಷ್ಟ, ಆದ್ರೆ ಸ್ಟೇಷನ್ನಿನ ರೇನ್‌ಕೋಟ್ ಕಥೆ ಕೇಳಿ ಕೂತಿರೋನಿಗೆ ತಕ್ಷಣ ಇದು ಬಂದ್ರೆ ಏನೋ ಬೇರೆ ಮನೆಗೆ ನುಗ್ಗಿದಂಗಾಗುತ್ತೆ. ‘ಎಕಿ’ಗೂ ಇದಕ್ಕೂ ಮಧ್ಯೆ ಇರೋ ‘ತೆಕೊ ನೊ ತೇಮಾ’ ನಾನು ಸ್ಕಿಪ್ ಮಾಡ್ತೀನಿ, ಅಷ್ಟೇ. ಆಲ್ಬಮ್ಮಿಗೆ ಒಂದು ಮನೆತನ ಅನ್ನೋದಿಲ್ಲ, ಜಾಹೀರಾತಿಂದು, ಸಿನಿಮಾದ್ದು, ಐಡಲ್‌ದು ಎಲ್ಲಾ ಒಟ್ಟಿಗೆ ಗುಡ್ಡೆ ಹಾಕಿದಾರೆ, ‘ವೆರೈಟಿ’ಗೆ ಇದ್ದ ಬಿಗಿ ಇದಕ್ಕಿಲ್ಲ. ನಾನು ಕಂಪ್ಲೇಂಟ್ ಅಂತ ಹೇಳೋದಿದ್ರೆ ಇದೇ ದೊಡ್ಡದು. ಇನ್ನೊಂದು, ಕೀಬೋರ್ಡ್ ಸೌಂಡ್ ಕೆಲವು ಕಡೆ ಪಕ್ಕಾ 80ರ ದಶಕ, ‘ಪ್ರೇಮಲೋಕ’ ಬಂದಿದ್ದೂ 1987ರಲ್ಲೇ ಅಲ್ವಾ, ಆ ಕ್ಯಾಸೆಟ್ ಕಾಲದ ಮಿಣಿಮಿಣಿ ಕೇಳಿದ್ರೆ ಕೆಲವರಿಗೆ ಖುಷಿ ಆಗುತ್ತೆ, ಈಗಿನ ಹುಡುಗರಿಗೆ ನಗು ಬರ್ಬೋದು.

ಕೊಳ್ಳೋರಿಗೆ ಎರಡು ಮಾತು. 2017ರಲ್ಲಿ 30ನೇ ವರ್ಷದ ರಿಮಾಸ್ಟರ್ ಎಡಿಷನ್ ಬಂತು, ಬೋನಸ್ ಟ್ರ್ಯಾಕ್ ಇವೆ, ತಗೊಳೋದಾದ್ರೆ ಅದನ್ನೇ ತಗೊಳಿ, ‘ಎಕಿ’ ಸ್ಟ್ರಿಂಗ್ಸ್ ಅದ್ರಲ್ಲಿ ಬಿಡಿಬಿಡಿಯಾಗಿ ಕೇಳುತ್ತೆ. ಜಪಾನ್ ಸಿಡಿ ಅಂದ್ರೆ ಗೊತ್ತಲ್ಲ, ಪಕ್ಕದಲ್ಲಿ ಕಾಗದದ ಪಟ್ಟಿ, ಒಳಗೆ ಸಾಹಿತ್ಯದ ಪುಸ್ತಕ, ಅಚ್ಚು ನೋಡಿದ್ರೆ ಕಣ್ಣಿಗೊತ್ಕೋಬೇಕು. ಜಪಾನಿಗೆ ಹೋಗ್ಬರೋರು ಯಾರಾದ್ರೂ ಇದ್ರೆ ಅವ್ರ ಕೈಲೇ ತರಿಸ್ಕೊಳಿ. ನಾನು ಅಕಿನಾ ‘ಕ್ರಿಮ್ಸನ್’ ಕೂಡ ಬೇಕು ಅಂತ ಆನ್‌ಲೈನಲ್ಲಿ ಒಬ್ಬರ ಹತ್ರ ಸೆಕೆಂಡ್ ಹ್ಯಾಂಡ್ ತರಿಸಿದೆ, ಸಾಗಾಣಿಕೆ ಖರ್ಚು ಸಿಡಿಗಿಂತ ಜಾಸ್ತಿ ಆಯ್ತು, ಬಂದಾಗ ಕೇಸ್ ಮೂರು ತುಂಡು, ಬುಕ್ಲೆಟ್ಟಿನ ಮೂಲೆ ನೆಂದು ಅಂಟ್ಕೊಂಡಿತ್ತು, ಕೇಳಿದ್ರೆ ‘ಡಿಸ್ಕ್ ಚೆನ್ನಾಗಿದ್ಯಲ್ಲಾ’ ಅಂತ ಉತ್ತರ. ಡಿಸ್ಕ್ ಚೆನ್ನಾಗಿತ್ತು, ಅದು ನಿಜ.

ಈ ಥರದ್ದೇ ಇನ್ನಷ್ಟು ಬೇಕು ಅನ್ನೋರಿಗೆ ಮಿಯುಕಿ ನಕಜಿಮಾ ಅನ್ನೋ ಹಾಡುಗಾರ್ತಿಯ 1979ರ ‘ಒಕಾಎರಿನಾಸಾಯ್’ ಇದೆ, ಅದು ಪೂರ್ತಿ ಬೇರೆಯವರಿಗೆ ಬರೆದ ಹಾಡುಗಳದ್ದೇ. ಅದ್ರಲ್ಲಿ ‘ರೂಜ್’ ಅಂತ ಒಂದು ಹಾಡು, 1977ರಲ್ಲಿ ನವೊಮಿ ಚಿಅಕಿ ಹಾಡಿದ್ದು, ಆಮೇಲೆ ನಕಜಿಮಾ ಹಾಡಿದ್ದು, 1992ರಲ್ಲಿ ಹಾಂಗ್‌ಕಾಂಗಲ್ಲಿ ಫೇ ವಾಂಗ್ ಕ್ಯಾಂಟನೀಸಲ್ಲಿ ಹಾಡಿ ಅಲ್ಲಿ ದೊಡ್ಡ ಹಿಟ್ಟು. ಅಲ್ಲಿ ಎಷ್ಟೋ ಜನ ಅದು ತಮ್ದೇ ಹಾಡು ಅಂತ ತಿಳ್ಕೊಂಡಿದ್ರೆ ಆಶ್ಚರ್ಯ ಇಲ್ಲ, ನಮ್ಮ ಡೂಂಲೈಟ್ ಸರ್ಕಲ್ ಜಗಳಾನೇ ಅಲ್ಲೂ ನಡೀತಿರ್ಬೇಕು. ಹೊಸದು ಬೇಕಂದ್ರೆ ಶೀನಾ ರಿಂಗೊ 2014ರಲ್ಲಿ ಮಾಡಿದ್ದು ಇದೆ, ಬೇರೆಯವರಿಗೆ ಕೊಟ್ಟ ಹಾಡುಗಳನ್ನ ಒಂದೊಂದಕ್ಕೂ ಬೇರೆ ಬೇರೆ ಅರೇಂಜರ್ ಇಟ್ಟು ಮಾಡ್ಸಿದಾರೆ, ಜೋರು ಗಲಾಟೆ, ಮರಿಯಾ ಕೇಳಿದ ಕಿವಿಗೆ ಮೊದ್ಲು ಸ್ವಲ್ಪ ಕಷ್ಟ. ಅದ್ರ ಬಗ್ಗೆ ಇನ್ನೊಂದ್ಸಲ ಬರೀತೀನಿ.

‘ರಿಕ್ವೆಸ್ಟ್’ಗೆ ನಾನು ಕೊಡೋದು ಐದಕ್ಕೆ ನಾಲ್ಕು ಸ್ಟಾರು. ಕೇಳೋ ಕ್ರಮ ಮಾತ್ರ ನಾನು ಹೇಳ್ದಂಗೆ ಮಾಡಿ, ಮೊದ್ಲು ನವೊಕೊ ಕವಾಯ್, ಯಕುಶಿಮಾರು, ಅಕಿನಾ ಹಾಡಿರೋದು ಹುಡುಕಿ ಕೇಳಿ, ಒಂದು ವಾರ ಅದನ್ನೇ ಗುನುಗಿ, ಆಮೇಲೆ ಮರಿಯಾ. ಸೀದಾ ಮರಿಯಾಗೆ ಹೋದ್ರೆ ಚೆನ್ನಾಗಿರೋ ಹಾಡು ಹತ್ತು ಸಿಗುತ್ತೆ ಅಷ್ಟೇ, ಅವ್ರು ಮಾಡಿರೋ ಕೆಲಸ ಗೊತ್ತಾಗಲ್ಲ. ಮತ್ತೆ ಕೋಲಾರದ ಫ್ರೆಂಡ್ಸು ಯಾರಾದ್ರೂ ಸಿಡಿ ಕೊಡು ಅಂತ ಮೆಸೇಜ್ ಹಾಕೋದಾದ್ರೆ, ಕೊಡಲ್ಲ, ಮನೆಗೆ ಬನ್ನಿ, ಇಲ್ಲೇ ಹಾಕ್ತೀನಿ.